ಸಣ್ಣ ಕೋಣೆಯ ನೆಲ

ಮಾವನೂ ಅಳಿಯನೂ ಒಂದೇ ಮನೆಯಲ್ಲಿದ್ದು, ಒಂದೇ ಪಾತ್ರೆಯಿಂದ ಸೂಪು ಬಡಿಸಿಕೊಂಡು ತಿನ್ನುತ್ತ, ಎರಡು ವರ್ಷದಿಂದ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿರಲಿಲ್ಲ.

ಹಾಗೆಂದು ದೊಡ್ಡ ಜಗಳವೇನೂ ಆಗಿರಲಿಲ್ಲ. ಅಳಿಯ ಬೇಕರಿಯಲ್ಲಿ ಹಿಟ್ಟು ನಾದುವವನು. ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರ ಮನೆ ಕಟ್ಟಲು ಒಂದು ಚೂರು ಜಾಗ ಸಿಕ್ಕಾಗ, ಗೋಡೆಗೆ, ಛಾವಣಿಗೆ ಬೇಕಾದರೆ ಜನ ಬರಲಿ, ಉಳಿದದ್ದೆಲ್ಲ ನಾನೇ ಮಾಡುತ್ತೇನೆ ಎಂದು ಹೊರಟ. ಮಾವ ನಲವತ್ತು ವರ್ಷ ಊರಿನವರ ಮನೆಗೆಲ್ಲ ನೆಲ ಹಾಕಿ, ಮಂಡಿ ಸವೆದ ಮೇಲೆ ಕೆಲಸ ಬಿಟ್ಟು ಕೂತವರು. ಊಟದ ಮೇಜಿನಲ್ಲಿ ಅವರು ನಕ್ಕು, "ಕಾಂಕ್ರೀಟು ಅಂದ್ರೆ ಹಿಟ್ಟಲ್ಲಪ್ಪ. ಹಿಟ್ಟು ಕೆಟ್ರೆ ಇನ್ನೊಂದ್ಸಲ ಗುದ್ದಬಹುದು," ಅಂದರು. ಅಳಿಯ ತಟ್ಟೆ ಎತ್ತಿಕೊಂಡು ಎದ್ದುಹೋದ. ಅಷ್ಟೇ. ಮರುದಿನ ಮಾತಾಡಬಹುದಿತ್ತು. ಇವರು ಮೊದಲು ಮಾತಾಡಲಿ ಎಂದು ಅವನು, ಅವನೇ ಮೊದಲು ಮಾತಾಡಲಿ ಎಂದು ಇವರು. ನೋಡನೋಡುತ್ತ ಗೋಡೆ ಎದ್ದಿತು, ಛಾವಣಿ ಕೂತಿತು, ನೆಲಕ್ಕೆ ಕಾಂಕ್ರೀಟೂ ಬಿತ್ತು. ಮಾತು ಮಾತ್ರ ಹೊರಡಲಿಲ್ಲ.

ಮಧ್ಯೆ ಸಿಕ್ಕಿಕೊಂಡವಳು ಮಗಳು. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಅವಳು. ಬೆಳಗಿನಿಂದ ಸಂಜೆಯವರೆಗೆ ಯಾರದ್ದೋ ಫೋನನ್ನು ಇನ್ಯಾರಿಗೋ ಕೊಟ್ಟು, ಬಸ್ಸು ಹತ್ತಿ ಮೂರನೇ ಮಹಡಿಗೆ ಏರಿ ಬಂದರೆ ಮನೆಯಲ್ಲೂ ಅದೇ ಕೆಲಸ. ಅವಳಿಗೆ ಕೈ ಬಿಡುವಿಲ್ಲದಾಗ ಅವಳ ಮಗಳು ಪುಟ್ಟಿ. ಪುಟ್ಟಿಗೆ ಹದಿನೇಳು ತುಂಬಿ ಅಪ್ಪನಿಗಿಂತ ಎತ್ತರವಾಗಿದ್ದರೂ ಹೆಸರು ಇನ್ನೂ ಚಿಕ್ಕದಾಗಿಯೇ ಇತ್ತು. ಅವಳ ಬಾಯಿಂದ ಬಂದ 'ತಾತ' ಎಂಬ ಮಾತೇ ಆ ಮುದುಕರಿಗೆ ಬೀದಿಯಲ್ಲೆಲ್ಲ ಹೆಸರಾಗಿತ್ತು.

"ಮುಂದಿನ ಗುರುವಾರ ಹಲಗೆ ಬರ್ತವೆ," ಒಂದು ಸಂಜೆ ಅಳಿಯ ಬ್ರೆಡ್ಡು ಮುರಿಯುತ್ತ ಹೇಳಿದ. "ಬಂದ ತಕ್ಷಣ ಹಾಸಿಬಿಡ್ತೀನಿ. ಮುಂದಿನ ತಿಂಗಳ ಕೊನೆಗೆ ಈ ಮನೆ ಬಿಡಬೇಕಲ್ಲ."

ಅವರಿದ್ದ ಬಾಡಿಗೆ ಕಟ್ಟಡವನ್ನು ಮಾಲೀಕ ಕೆಡವಿಸುವವನಿದ್ದ. ಹೊಸ ಮನೆಯಲ್ಲಿ ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಳಿ ತಡೆಯುವ ಗಟ್ಟಿ ಥರ್ಮಾಕೋಲಿನ ಹಲಗೆ, ಅದರ ಮೇಲೆ ಗಾರೆ, ಹೀಗೆ ಇನ್ನೂ ಮೂರು ಕೆಲಸ ಬಾಕಿ ಇದ್ದವು.

ತಾತ ಚಮಚ ಕೆಳಗಿಟ್ಟರು. "ಪುಟ್ಟಿ, ನಿಮ್ಮಪ್ಪನಿಗೆ ಹೇಳು. ನೆಲ ಮಟ್ಟ ಇಲ್ಲ."

"ಅಪ್ಪ, ನೆಲ ಮಟ್ಟ ಇಲ್ವಂತೆ."

"ಅವರಿಗೆ ಹೇಗೆ ಗೊತ್ತು, ಕೇಳು."

"ತಾತ, ನಿಮಗೆ ಹೇಗೆ ಗೊತ್ತು?"

ತಾತ ಸೂಪಿಗೆ ಉಪ್ಪು ಹಾಕಿಕೊಂಡರು. ಆಗಲೇ ಎರಡು ಸಲ ಹಾಕಿಕೊಂಡಿದ್ದರು.

"ಹೇಳು ಪುಟ್ಟಿ," ಅಳಿಯ ಅಂದ. "ಹಲಗೆ ಹಾಕಿದ್ಮೇಲೆ ಕೆಳಗೇನಿದೆ ಅಂತ ಯಾರೂ ನೋಡಲ್ಲ ಅಂತ."

"ಯಾರೂ ನೋಡಲ್ಲ, ನಿಜ. ಕಾಲು ನೋಡುತ್ತೆ ಅಂತ ಹೇಳು."

"ಇಬ್ಬರೂ ಇಲ್ಲೇ ಇದೀರಲ್ಲಪ್ಪಾ!" ಪುಟ್ಟಿ ಹಣೆ ಹಣೆ ಬಡಿದುಕೊಂಡಳು. "ನಂಗೂ ಹಸಿವಾಗುತ್ತೆ."

ತಾತನಿಗೆ ಹೇಗೆ ಗೊತ್ತಾಯಿತೆಂದು ಮಗಳಿಗೆ ಶನಿವಾರ ಬಟ್ಟೆ ಒಗೆಯುವಾಗ ತಿಳಿಯಿತು. ಅವರ ಪ್ಯಾಂಟಿನ ಜೇಬಿನಲ್ಲಿ ಅರ್ಧ ಸವೆದ ಸೀಮೆಸುಣ್ಣ, ಮಡಿಕೆಗಳಲ್ಲಿ ಬೂದು ಧೂಳು. ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದ ಮನುಷ್ಯ. ಅಪ್ಪ ಯಾವ ಪಾರ್ಕಿಗೆ ಹೋಗುತ್ತಿದ್ದಾರೆಂದು ಅವಳಿಗೆ ಅರ್ಥವಾಗಿ, ಬಕೆಟ್ಟಿನ ಮುಂದೆ ಒಬ್ಬಳೇ ನಕ್ಕಳು. ಯಾರಿಗೂ ಹೇಳಲಿಲ್ಲ.

ಬೇಕರಿಯ ಪಾಳಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅಳಿಯ ಮನೆಗೆ ಬಂದು ಎರಡು ತುತ್ತು ತಿಂದು, ಮಲಗಬೇಕಾದ ಹೊತ್ತಿನಲ್ಲಿ ಬಸ್ಸು ಹತ್ತುತ್ತಿದ್ದ. ಕೊನೆಯ ನಿಲ್ದಾಣ ಬರುವವರೆಗೆ ಕಿಟಕಿಗೆ ತಲೆಯಾನಿಸಿ ತೂಕಡಿಕೆ. ಇಳಿದ ಮೇಲೂ ಅರ್ಧ ನಿದ್ದೆ ಬೆನ್ನ ಹಿಂದೆಯೇ ಬರುತ್ತಿತ್ತು. ಹೊಸ ಮನೆಯ ಕಿಟಕಿಗಳಿಗೆ ಇನ್ನೂ ಗಾಜಿರಲಿಲ್ಲ. ಅಲ್ಲಿ ಕಟ್ಟಿದ್ದ ಬಿಳಿ ಪ್ಲಾಸ್ಟಿಕ್ ಹಾಳೆ ಗಾಳಿಗೆ ಉಬ್ಬಿ ತಗ್ಗಿ, ಇಡೀ ಮನೆಯೇ ಮಲಗಿ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಒಳಗೆ ಹಾಲಿನಂಥ ಬೆಳಕು. ಅದರಲ್ಲಿ ಬೂದು ನೆಲ ಸದ್ದಿಲ್ಲದ ಕೆರೆಯ ಹಾಗೆ ಬಿದ್ದಿರುತ್ತಿತ್ತು.

ಆ ಸೋಮವಾರ ಅವನು ಹೋದಾಗ ನೆಲದ ತುಂಬ ಸೀಮೆಸುಣ್ಣದ ಗೆರೆ. ನಡುಮನೆಯಲ್ಲಿ ಒಂದು ದೊಡ್ಡ ಸೊನ್ನೆ, ಅದರೊಳಗೆ ೬, ಅಂದರೆ ಆರು ಮಿಲಿಮೀಟರ್ ಉಬ್ಬು. ಬಾಗಿಲ ಬಳಿ ಎರಡು ಸಣ್ಣ ಸೊನ್ನೆ. ಉಳಿದ ಮನೆಗಿಂತ ಮೂರು ಬೆರಳು ತಗ್ಗಿದ್ದ ಹಿಂದಿನ ಸಣ್ಣ ಕೋಣೆಯಲ್ಲಿ ಮೋಡದ ಆಕಾರದ ಗೆರೆ ಎಳೆದು, ಕೆಳಮುಖವಾಗಿ ಬಾಣ ಹಾಕಿ, ೯ ಎಂದು ಬರೆದಿತ್ತು. ಯಾರ ಕೈ ಎಂದು ಕೇಳಬೇಕಿರಲಿಲ್ಲ. ಆ ಓರೆ ಒಂಬತ್ತನ್ನು ಅವನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹದಿನೆಂಟು ವರ್ಷದಿಂದ ನೋಡುತ್ತಿದ್ದ.

ಸಂಜೆ ಹೆಂಡತಿಯ ಮುಂದೆ ಹಾರಾಡಿದ. "ನನ್ನ ನೆಲದ ಮೇಲೆ ಸೊನ್ನೆ ಸುತ್ತೋಕೆ ಇವರು ಯಾರೇ? ಪರೀಕ್ಷೆ ಪೇಪರ್ ತಿದ್ದಿದ ಹಾಗೆ ತಿದ್ದಿಟ್ಟಿದಾರೆ!"

"ತಪ್ಪಿದ್ರೆ ತಿದ್ಕೊಳ್ಳಿ. ಸರಿ ಇದ್ರೆ ಅಳಿಸಿಬಿಡಿ," ಅವಳು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಲೇ ಅಂದಳು. "ನನ್ನ ಮೇಲ್ಯಾಕೆ ಕೂಗ್ತೀರಿ?"

ಗುರುವಾರ ಹಲಗೆಗಳು ಬಂದವು. ಅಳಿಯ ಒಂದನ್ನು ಎತ್ತಿಕೊಂಡು ಹೋಗಿ ಸಣ್ಣ ಕೋಣೆಯ ಮೋಡದ ಅಂಚಿನ ಮೇಲಿಟ್ಟು, ಒಂದು ಕಾಲಿಟ್ಟ. ಟಕ್. ಇನ್ನೊಂದು ತುದಿ ಎದ್ದಿತು. ಆ ಕಾಲು ತೆಗೆದು ಈ ಕಾಲಿಟ್ಟ. ಟಕ್. ದೋಣಿಯಲ್ಲಿ ನಿಂತವನ ಹಾಗೆ ಅವನು ಬಹಳ ಹೊತ್ತು ಆಚೆಗೂ ಈಚೆಗೂ ತೂಗಿದ. ಹೀಗೆ ಅಲುಗಾಡುವ ಹಲಗೆಯ ಮೇಲೆ ಗಾರೆ ಹಾಕಿದರೆ ಅದು ಬಿರುಕು ಬಿಡದೆ ಇನ್ನೇನಾದೀತು? ನಾಚಿಕೆಯಾಗಿ, ಅಲ್ಲಿ ಯಾರೂ ಇಲ್ಲದಿದ್ದರೂ, ಕೆಳಗಿಳಿದು ಹಲಗೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

ಮರುದಿನ ಗ್ರೈಂಡಿಂಗ್ ಮಿಷನ್ ಬಾಡಿಗೆಗೆ ತಂದು, ಮೂಗಿಗೆ ಬಟ್ಟೆ ಕಟ್ಟಿ, ನಡುಮನೆಯ ದಿಬ್ಬವನ್ನು ತೇಯತೊಡಗಿದ. ಮೈದಾ ಹಿಟ್ಟಿನಷ್ಟು ನಯವಾದ ಧೂಳು ಎದ್ದು ಬೆಳಕಿನಲ್ಲಿ ನಿಂತಿತು. ಕೆಲಸ ಮುಗಿಸಿ ಹೊರಡುವ ಮುಂಚೆ, ತೇಯ್ದ ಜಾಗದ ಪಕ್ಕದಲ್ಲಿ, ಏನನ್ನಿಸಿತೋ, ಸೀಮೆಸುಣ್ಣದಲ್ಲಿ ಬರೆದ: 'ಸಾಕಾ?'

ಮರುದಿನ ಅದರ ಕೆಳಗೆ ಉತ್ತರವಿತ್ತು: 'ಇನ್ನೆರಡು ಕೂದಲಿನಷ್ಟು.'

ತೇಯ್ದ. ಮತ್ತೆ ಬರೆದ: 'ಯಾರ ಕೂದಲು?'

'ನಿನ್ನದು. ನನಗೆ ಉಳಿದಿಲ್ಲ.'

ಅದನ್ನು ಓದಿ ಬೇಕರಿಯವನು ಖಾಲಿ ಮನೆಯಲ್ಲಿ ಗಟ್ಟಿಯಾಗಿ ನಕ್ಕ. ನಗು ಬರಿಯ ಗೋಡೆಗಳಿಗೆ ತಾಗಿ ಒಂದು ಸುತ್ತು ಬಂದು ಅವನ ಕಿವಿಗೇ ಬಿತ್ತು.

ಅಲ್ಲಿಂದ ಮುಂದೆ ಎರಡು ವಾರ ಆ ನೆಲದ ಮೇಲೆ ನಡೆದದ್ದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ತಾತ ಬೆಳಿಗ್ಗೆ ಹೋಗಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಕಾಲಿಂದ ಸರಿಸುತ್ತ, ರಸಮಟ್ಟ ಇಟ್ಟು ನೋಡಿ, ಗುರುತು ಹಾಕಿ ಬರುತ್ತಿದ್ದರು. ಮಧ್ಯಾಹ್ನ ಅಳಿಯ ಹೋಗಿ, ಗುರುತು ಓದಿ, ಮಂಡಿಯೂರುತ್ತಿದ್ದ. 'ಅಂಟಿದ ಸಿಮೆಂಟು ಉಳಿಯಲ್ಲಿ ಕೆರೆ. ಸುತ್ತಿಗೆ ಬೇಡ.' 'ಬಿರುಕಿಗೆ ಮೊದಲು ಬ್ರಷ್, ಆಮೇಲೆ ಸಿಮೆಂಟು.' 'ತಗ್ಗಿಗೆ ಒಂದೇ ಸಲ ಸುರೀಬೇಡ, ಎರಡು ಸಲ.' ಅವನೂ ಕೇಳುತ್ತಿದ್ದ: 'ಎಷ್ಟು ನೀರು?' ಉತ್ತರ: 'ಪ್ಯಾನ್‌ಕೇಕ್ ಹಿಟ್ಟಿನ ಹದ. ನಿನಗೆ ಗೊತ್ತಿರುತ್ತೆ.' ಆ ಕೊನೆಯ ಮಾತನ್ನು ಅಳಿಯ ಮತ್ತೊಮ್ಮೆ ಓದಿದ. ನಿನಗೆ ಗೊತ್ತಿರುತ್ತೆ. ಆ ಸಾಲನ್ನು ಒರೆಸದೆ, ಅದರ ಸುತ್ತಲೇ ಕೆಲಸ ಮಾಡಿದ.

ನಿದ್ದೆಗಣ್ಣಲ್ಲಿ ಅವನಿಗೆ ಒಮ್ಮೊಮ್ಮೆ ತಾತ ಅಲ್ಲೇ ಪಕ್ಕದ ಕೋಣೆಯಲ್ಲಿ ಇದ್ದಾರೆ ಅನ್ನಿಸುತ್ತಿತ್ತು. ಮಾತಾಡಲು ಬಾಯಿ ತೆರೆಯುತ್ತಿದ್ದ. ಪ್ಲಾಸ್ಟಿಕ್ ಹಾಳೆ ಪಟಪಟ ಎನ್ನುತ್ತಿತ್ತು. ಸಂಜೆ ಮನೆಗೆ ಬಂದರೆ ಅದೇ ತಾತ ಮೇಜಿನಾಚೆ ಕೂತು, "ಪುಟ್ಟಿ, ಬೆಣ್ಣೆ ಈ ಕಡೆ ಕೊಡಿಸು," ಎನ್ನುತ್ತಿದ್ದರು.

ಮೂರನೇ ವಾರ ತಾತ ಪ್ರತಿ ಕೋಣೆಯಲ್ಲೂ ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕು ಕಡೆ ಟೇಪ್ ಅಂಟಿಸಿ ಬಂದರು. ನೆಲದಲ್ಲಿ ತೇವ ಉಳಿದಿದ್ದರೆ ಅದು ಹಾಳೆಯ ಅಡಿಯಲ್ಲಿ ಬೆವರಾಗಿ ಕಾಣುತ್ತದೆ. ಎರಡು ದಿನದ ಮೇಲೆ ಅಳಿಯ ನೋಡಿದಾಗ ಉಳಿದ ಕೋಣೆಗಳಲ್ಲಿ ಏನೂ ಇರಲಿಲ್ಲ. ಸಣ್ಣ ಕೋಣೆಯ ಹಾಳೆಯೊಳಗೆ ಮಾತ್ರ ನೀರಿನ ಹನಿ, ಮುತ್ತು ಪೋಣಿಸಿದ ಹಾಗೆ. ಪಕ್ಕದಲ್ಲಿ ಒಂದೇ ಪದ: 'ಕಾಯಬೇಕು.'

'ಎಷ್ಟು ದಿನ?' ಅವನು ಬರೆದ.

'ನೆಲ ಹೇಳಿದಷ್ಟು.'

ಮನೆ ಬಿಡಲು ಉಳಿದಿದ್ದದ್ದು ಹನ್ನೆರಡು ದಿನ. ಜೊತೆಗೆ, ಅದೇ ಮಧ್ಯಾಹ್ನ ಬಾಡಿಗೆ ಮನೆಯಲ್ಲಿ ಅವನೊಬ್ಬನೇ ಊಟ ಮಾಡುತ್ತಿದ್ದಾಗ ಫೋನು ಬಂದಿತ್ತು. ಮಾತಾಡಿದವರು ತಾತನ ತಂಗಿ. "ಅಣ್ಣನಿಗೆ ಕೋಣೆಗೆ ಬಣ್ಣ ಹೊಡೆಸಿದೀನಪ್ಪ. ಯಾವತ್ತು ಕರ್ಕೊಂಡು ಬಂದು ಬಿಡ್ತೀಯಾ?" ಎಂದು ಕೇಳಿದ್ದರು. ಕೇಳಿ ಹೇಳುತ್ತೇನೆ ಎಂದು ಅವನು ಫೋನಿಟ್ಟಿದ್ದ.

ಸಂಜೆ ಊಟಕ್ಕೆ ಕೂತಾಗ ಕಟ್ಟೆಯೊಡೆಯಿತು.

"ನಾಳೆ ನಾನು ಹಲಗೆ ಹಾಸ್ತೀನಿ," ಅಂದ ಅಳಿಯ, ತಟ್ಟೆ ನೋಡುತ್ತ.

"ಪುಟ್ಟಿ, ಸಣ್ಣ ಕೋಣೆ ಇನ್ನೂ ಹಸಿ ಇದೆ ಅಂತ ಹೇಳು."

"ಹಸಿ ಇದ್ರೆ ಇರ್ಲಿ! ಆ ಮನೇಗೆ ಬರದೇ ಇರೋರಿಗೆ ಅದರ ನೆಲದ ಚಿಂತೆ ಯಾಕಂತೆ, ಕೇಳು!"

ಪುಟ್ಟಿ ಕೇಳಲಿಲ್ಲ. ಮಗಳು ಅಪ್ಪನ ಮುಖ ನೋಡಿದಳು. "ಏನಪ್ಪಾ ಇದು? ಯಾರು ಬರಲ್ಲ?"

ತಾತ ಕೈ ಒರೆಸಿಕೊಂಡರು. "ತಂಗಿ ಕರೀತಿದಾಳೆ. ಹೋಗ್ತೀನಿ ಅಂದಿದೀನಿ."

"ನಂಗೆ ಯಾವಾಗ ಹೇಳೋರಿದ್ರಿ? ಲಾರಿಗೆ ಸಾಮಾನು ಏರಿಸುವಾಗಲಾ?"

"ಇಷ್ಟು ವರ್ಷ ನೀವು ನನ್ನ ಮನೇಲಿದ್ರಿ ಕಣಮ್ಮ. ಬಾಡಿಗೆದೋ ಏನೋ, ನಂದು. ಈಗ ನಾನು ಅವನ ಮನೇಲಿ ಇರೋದಾ? ಅಲ್ಲಿ ಇರೋದೇ ಮೂರು ಕೋಣೆ. ನಿಮಗೊಂದು, ಪುಟ್ಟಿಗೊಂದು, ಸಾಮಾನಿಗೊಂದು. ನಾನೆಲ್ಲಿ, ಸಾಮಾನಿನ ಜೊತೆಗಾ?"

ಅಳಿಯ ತಟ್ಟೆಯನ್ನು ದೂರ ತಳ್ಳಿದ. ಮಗಳು ಎದ್ದು ನಿಂತಳು. ಅವಳು ಕೂಗಲಿಲ್ಲ. ಆಸ್ಪತ್ರೆಯಲ್ಲಿ ಫೋನಿಗೆ ಉತ್ತರ ಕೊಡುವ ತಣ್ಣನೆಯ ದನಿಯಲ್ಲಿ ಹೇಳಿದಳು: "ಇಬ್ಬರೂ ಕೇಳಿಸ್ಕೊಳ್ಳಿ. ಇವತ್ತಿಂದ ನಾನು ಯಾರ ಮಾತನ್ನೂ ಯಾರಿಗೂ ದಾಟಿಸಲ್ಲ. ಪುಟ್ಟಿ, ನೀನೂ ಅಷ್ಟೆ. ಲೈನ್ ಕಟ್."

ಐದು ದಿನ ಆ ಮನೆಯಲ್ಲಿ ಬೆಣ್ಣೆ ಇದ್ದಲ್ಲೇ ಇತ್ತು. ತಾತ ಒಣ ಬ್ರೆಡ್ಡು ತಿಂದರು. ಅಳಿಯ ಉಪ್ಪಿಲ್ಲದ ಸೂಪು ಕುಡಿದ. ಪುಟ್ಟಿ ಇಬ್ಬರ ನಡುವೆ ಕೂತು ಪುಸ್ತಕ ಓದಿದಳು. ತಾತ ಪಾರ್ಕಿಗೆ ಹೋಗುವುದನ್ನೂ ಬಿಟ್ಟು, ಕಿಟಕಿಯ ಬಳಿ ಕೂತು ಕೆಳಗಿನ ಬೀದಿ ನೋಡುತ್ತಿದ್ದರು.

ಅಳಿಯ ಮಾತ್ರ ದಿನಾ ಹೋದ. ಹಲಗೆ ಹಾಸುವ ಮನಸ್ಸಾಗಲಿಲ್ಲ. ಸಣ್ಣ ಕೋಣೆ ಯಾಕೆ ಒಣಗುತ್ತಿಲ್ಲವೆಂದು ಹೊರಗೆ ಹೋಗಿ ಗೋಡೆಯ ಬುಡ ನೋಡಿದ. ಛಾವಣಿಯ ನೀರು ಇಳಿಯುವ ಪೈಪು ನೇರ ಆ ಮೂಲೆಗೇ ಬಂದು ಕೊನೆಯಾಗಿತ್ತು. ಮಳೆ ಬಂದಾಗಲೆಲ್ಲ ನೀರು ಅಲ್ಲೇ ಇಂಗುತ್ತಿತ್ತು. ಒಂದು ಮಧ್ಯಾಹ್ನ ಪೂರ್ತಿ ಮಣ್ಣಗೆದು, ಪೈಪಿಗೊಂದು ತಿರುವು ಕೂಡಿಸಿ, ನೀರನ್ನು ರಸ್ತೆಯ ಚರಂಡಿಗೆ ತಿರುಗಿಸಿದ. ಒಳಗೆ ಬಂದು ಬರೆದ: 'ಪೈಪು ತಿರುಗಿಸಿದೆ.' ಮರುದಿನ ಬಂದಾಗ ಆ ಸಾಲು ಒಂದೇ ಇತ್ತು. ಅದರ ಕೆಳಗೆ ಬರೆದ: 'ಹಾಳೆ ಹೊಸದು ಅಂಟಿಸಿದೀನಿ. ನೋಡಬೇಕು.' ಅದರ ಮರುದಿನವೂ ಉತ್ತರವಿಲ್ಲ. ಆ ದಿನ ಅವನು ಬಗ್ಗಿ 'ಮಾವ,' ಎಂದು ಬರೆದ. ಸಂಜೆಯ ಬಿಸಿಲು ಹಾಳೆಯ ಮೂಲಕ ಸೋಸಿ ಬಂದು ಆ ಎರಡಕ್ಷರದ ಮೇಲೆ ಬಿದ್ದು, ಗೋಡೆ ಏರಿ, ಆರಿಹೋಯಿತು. ಅವನು ಸೀಮೆಸುಣ್ಣ ಹಿಡಿದು ಕೂತೇ ಇದ್ದ.

ಮರುದಿನ ಮಧ್ಯಾಹ್ನ ಬೇಕರಿಯಿಂದ ಬಂದವನು ಊಟಕ್ಕೆ ಕೂರಲಿಲ್ಲ. ತಾತ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದರು. ಇವನು ಹೋಗಿ ಎದುರಿಗೆ ನಿಂತ.

"ಮಾವ," ಅಂದ. ಕೆಮ್ಮಿ ಮತ್ತೆ ಶುರುಮಾಡಿದ. "ಮಾವ, ನೆಲ ಒಣಗಿದೆಯೋ ಇಲ್ವೋ ನಂಗೆ ಗೊತ್ತಾಗ್ತಿಲ್ಲ. ಸ್ವಲ್ಪ ಬರ್ತೀರಾ?"

ತಾತ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ಪುಟ್ಟಿಯನ್ನು ಹುಡುಕಿದರು. ಪುಟ್ಟಿ ಕಾಲೇಜಿಗೆ ಹೋಗಿದ್ದಳು. ಮಗಳು ಆಸ್ಪತ್ರೆಯಲ್ಲಿದ್ದಳು. ಮನೆಯಲ್ಲಿ ಅವರಿಬ್ಬರೇ. ಒಂದು ಬಟಾಣಿ ಬೆರಳಿಂದ ಜಾರಿ ಕುರ್ಚಿಯಡಿ ಉರುಳಿತು.

"ಊಟ ಮಾಡಿದ್ಯಾ?" ಕೇಳಿದರು ತಾತ.

"ಇಲ್ಲ."

"ಮೊದಲು ತಿನ್ನು. ಬಸ್ಸು ಎಲ್ಲೂ ಹೋಗಲ್ಲ."

ಬಸ್ಸಿನಲ್ಲಿ ಅಕ್ಕಪಕ್ಕ ಕೂತರು. ಅಳಿಯ ತೂಕಡಿಸಿ ತೂಕಡಿಸಿ ತಾತನ ಭುಜಕ್ಕೆ ಒರಗಿದ. ತಾತ ಅಲುಗಾಡದೆ ಕೂತರು. ಇಳಿಯುವ ಜಾಗ ಬಂದಾಗ ಮೊಣಕೈಯಿಂದ ಮೆಲ್ಲನೆ ತಿವಿದರು.

ಸಣ್ಣ ಕೋಣೆಯ ಬಾಗಿಲಲ್ಲಿ ತಾತ ನಿಂತರು. ನೆಲದ ಮೇಲಿನ ಪೈಪಿನ ಮಾತು, ಅದರ ಕೆಳಗಿನ 'ಮಾವ,' ಓದಿದರು. ಅಳಿಯನ ತೋಳು ಹಿಡಿದು, ನೋಯುವ ಮಂಡಿಗಳನ್ನು ಒಂದೊಂದಾಗಿ ಊರಿ ಕೆಳಗಿಳಿದು, ಹಾಳೆ ಕಿತ್ತು, ಆ ಜಾಗಕ್ಕೆ ಮೊದಲು ಅಂಗೈ, ಆಮೇಲೆ ಕೆನ್ನೆ ಒತ್ತಿದರು. ಕಣ್ಣು ಮುಚ್ಚಿ ಎಷ್ಟೋ ಹೊತ್ತು ಹಾಗೇ ಇದ್ದರು. ನಿದ್ದೆ ಹೋದರೇನೋ ಎಂದು ಅಳಿಯನಿಗೆ ಗಾಬರಿಯಾಯಿತು.

"ಪೈಪು ತಿರುಗಿಸಿ ಒಳ್ಳೆ ಕೆಲಸ ಮಾಡ್ದೆ," ಕೊನೆಗೆ ನೆಲದಿಂದಲೇ ಹೇಳಿದರು. "ಇನ್ನು ಎಂಟು ದಿನ ಬೇಕು. ಆದರೆ ಒಂದು ಸಾಮಾನಿನ ಕೋಣೆಗೆ ಇಷ್ಟೆಲ್ಲ ಯಾಕೆ ಒದ್ದಾಡ್ತೀಯಾ? ಇದೊಂದನ್ನ ಹಾಗೇ ಬಿಡಬಹುದಿತ್ತಲ್ಲ."

ಅಳಿಯ ನಡುಮನೆಗೆ ಹೋಗಿ ಎರಡು ಹಲಗೆ ತಂದ. ಒಂದು ಮೂರು ಬೆರಳು ದಪ್ಪ, ಇನ್ನೊಂದು ಆರು.

"ಇದು ಮನೆಗೆಲ್ಲ. ಈ ದಪ್ಪಂದು ಈ ಕೋಣೆಗೆ ಮಾತ್ರ," ಅಂದ. "ಅದಕ್ಕೇ ಇಲ್ಲಿ ನೆಲ ತಗ್ಗಿಸಿ ಹಾಕಿದ್ದು. ಸಾಮಾನಿಗೆ ಚಳಿ ಆಗುತ್ತಾ ಮಾವ? ರಾತ್ರಿ ಎರಡೆರಡು ಕಾಲುಚೀಲ ಹಾಕ್ಕೊಂಡು ಮಲಗೋರು ನಮ್ಮನೇಲಿ ಯಾರು?"

ತಾತ ಹಲಗೆಯ ಅಂಚನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದರು. ಒಮ್ಮೆ ಅಲ್ಲ, ಮೂರು ಸಲ ಮುಟ್ಟಿ ನೋಡಿದರು.

"ಇದನ್ನ ಯಾವಾಗ ತರಿಸಿದ್ದು?"

"ಆರ್ಡರ್ ಬರೆದು ಕೊಟ್ಟಿದ್ದು ಹೋದ ವರ್ಷ. ನಕ್ಷೆ ಮಾಡಿಸುವಾಗಲೇ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಕೇಳಬಾರದಿತ್ತಾ?"

ತಾತನಿಗೆ ಏಳಲಾಗಲಿಲ್ಲ. "ಎಬ್ಬಿಸು," ಎಂದು ಕೈ ಚಾಚಿದರು. ಅಳಿಯ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದ. ತಾತನ ಕೆನ್ನೆಯ ಮೇಲೆ ಬೂದು ಧೂಳಿನಲ್ಲಿ ಒಂದು ಒದ್ದೆ ಗೆರೆ ಇತ್ತು. ಅಳಿಯ ಕಿಟಕಿಯ ಹಾಳೆ ಸರಿಪಡಿಸುವ ನೆಪದಲ್ಲಿ ಬೆನ್ನು ತಿರುಗಿಸಿದ.

ಎಂಟು ದಿನ ಎಂದ ಮೇಲೆ ಎಂಟು ದಿನ. ಮಗಳು ಮಾಲೀಕನ ಮನೆ ಬಾಗಿಲಿಗೆ ಹೋಗಿ, "ನೆಲ ಒಣಗೋವರೆಗೆ, ಗಾರೆ ಗಟ್ಟಿಯಾಗೋವರೆಗೆ ನಾವು ಅಲುಗಾಡಲ್ಲ. ಬೇಕಾದ್ರೆ ಮೇಲಿನ ಮಹಡಿಯಿಂದ ಕೆಡವ್ತಾ ಬನ್ನಿ," ಎಂದು ಹೇಳಿ ಬಂದಳು. ಅವನು ಇನ್ನೊಂದು ತಿಂಗಳು ಕೊಟ್ಟ. ತಂಗಿಗೆ ತಾತ ತಾವೇ ಫೋನು ಮಾಡಿ, "ಈಗಲೇ ಆಗಲ್ಲ ಕಣೇ. ಇಲ್ಲಿ ಕೆಲಸ ನನ್ನ ಕೈಯಲ್ಲಿದೆ," ಎಂದಷ್ಟೇ ಹೇಳಿದರು. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಮಗಳು ಕೇಳಲು ಹೋಗಲಿಲ್ಲ.

ಭಾನುವಾರ ನಾಲ್ವರೂ ಬುತ್ತಿ ಕಟ್ಟಿಕೊಂಡು ಹೋದರು. ಹಾಳೆಯಡಿ ಹನಿ ಇರಲಿಲ್ಲ. ಇನ್ನು ಗುಡಿಸುವುದು. ಒಂದು ಕಲ್ಲಿನ ಹರಳು ಉಳಿದರೂ ಪ್ಲಾಸ್ಟಿಕ್ ತೂತಾಗುತ್ತದೆ ಎಂದು ತಾತ ಮೂರು ಸಲ ಗುಡಿಸಿಸಿದರು.

"ತಾತ, ನಮ್ಮ ಊಟದ ಮೇಜೂ ಇಷ್ಟು ಚೊಕ್ಕ ಇರಲ್ಲ," ಪುಟ್ಟಿ ಸೊಂಟ ಹಿಡಿದುಕೊಂಡು ಗೊಣಗಿದಳು.

"ಅದನ್ನೂ ನೀನೇ ಒರೆಸೋದಲ್ವಾ? ನಂಗೆ ಗೊತ್ತು. ಮೂಲೆಗೆ ಹೋಗು, ಅಲ್ಲಿ ಏನೋ ಮಿಂಚ್ತಿದೆ."

ಪೊರಕೆಯ ಕೆಳಗೆ ಸೀಮೆಸುಣ್ಣದ ಸೊನ್ನೆಗಳು, ಬಾಣಗಳು, ಕೂದಲಿನ ಲೆಕ್ಕ ಎಲ್ಲ ಬಿಳಿ ಪುಡಿಯಾಗಿ ಎದ್ದು ಬಾಗಿಲಿನಿಂದ ಹೊರಗೆ ಹೋದವು. ಮಗಳು ಅವುಗಳನ್ನು ಓದುತ್ತ ಓದುತ್ತ ಗುಡಿಸಿದಳು. ಗಂಡನಿಗೂ ಕಾಣದಂತೆ, ಅಪ್ಪನಿಗೂ ಕಾಣದಂತೆ ನಕ್ಕಳು.

ಹಾಳೆ ಹಾಸಿ, ಜೋಡಣೆಗೆ ಟೇಪ್ ಹಚ್ಚಿ, ಹಲಗೆ ಇಡುತ್ತ ಬಂದರು. ತಾತ ಬಕೆಟ್ಟಿನ ಮೇಲೆ ಕೂತು, "ಒತ್ತು. ಇನ್ನೂ ಒತ್ತು. ಸಾಕು," ಎನ್ನುತ್ತಿದ್ದರು. ಅಳಿಯ, "ಇಲ್ಲೊಂದು ಸ್ವಲ್ಪ ನೋಡಿ ಮಾವ," ಎನ್ನುತ್ತಿದ್ದ. ಸಣ್ಣ ಕೋಣೆಯದು ಕೊನೆಗೆ. ದಪ್ಪ ಹಲಗೆಯ ಮೇಲೆ ಅವನು ಮೂಲೆಯಿಂದ ಮೂಲೆಗೆ ನಡೆದ. ಒಂದು ಸದ್ದೂ ಬರಲಿಲ್ಲ.

ಮಗಳೂ ಪುಟ್ಟಿಯೂ ಹೊರಗೆ ಕಸದ ಚೀಲ ಕಟ್ಟಿ ಒಳಗೆ ಬಂದಾಗ ಮನೆ ನಿಶ್ಶಬ್ದವಾಗಿತ್ತು. ಸಣ್ಣ ಕೋಣೆಯಲ್ಲಿ ಮಧ್ಯಾಹ್ನದ ಬಿಳಿ ಬೆಳಕು ತುಂಬಿತ್ತು. ಅಳಿಯ ಹಲಗೆಗಳ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು, ಬಾಯಿ ಅರ್ಧ ತೆರೆದು ಮಲಗಿಬಿಟ್ಟಿದ್ದ. ತಾತನ ಕೋಟು ಅವನ ಮೇಲಿತ್ತು. ತಾತ ಪಕ್ಕದಲ್ಲಿ ಬಕೆಟ್ಟಿನ ಮೇಲೆ ಕೂತಿದ್ದರು.

"ಶ್," ಅಂದರು. "ಈಗ ತಾನೇ ಮಲಗಿದಾನೆ. ಪುಟ್ಟಿ, ಅಳತೆ ಟೇಪು ತಗೊಂಡು ಬಾ, ಮೆತ್ತಗೆ. ನನ್ನ ಮಂಚ ಆರಡಿ ಇದೆ. ಆ ಗೋಡೆಗೆ ಬರುತ್ತಾ ನೋಡು."

ಪುಟ್ಟಿ ಅಮ್ಮನ ಮುಖ ನೋಡಿದಳು. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಪುಟ್ಟಿ ತುದಿಗಾಲಲ್ಲಿ ಹೋಗಿ, ಅಪ್ಪನ ಕಾಲು ದಾಟಿ, ಅಳೆದಳು.

"ಬರುತ್ತೆ ತಾತ. ಇನ್ನೂ ಜಾಗ ಉಳಿಯುತ್ತೆ."

"ಎಷ್ಟು?"

"ಒಂದು ಕುರ್ಚಿ ಹಾಕೋವಷ್ಟು."

ತಾತ ಮಲಗಿದವನನ್ನು ನೋಡಿದರು. ಜಾರಿದ್ದ ಕೋಟನ್ನು ಬಗ್ಗಿ ಅವನ ಭುಜದ ಮೇಲಕ್ಕೆಳೆದರು.

"ಹಾಗಾದ್ರೆ ನಿಮ್ಮಪ್ಪನಿಗೆ ಕೂರೋಕಾಯ್ತು," ಅಂದರು.